ಶೆವ್ ಮುಗಿಯುತ್ತಾ ಬಂತು, ಅರ್ಜಿ ಹಾಕಲು ಭಯ

ಸ್ಕಿಲ್ಡ್ ವೀಸಾದಲ್ಲಿ ಬಂದವರ ಪಿಆರ್, ಅಂದರೆ ಕಾಯಂ ವಾಸದ ವೀಸಾದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿದ ಕೆಲವರು ಬೇರೆಯದೇ ಪ್ರಶ್ನೆ ಕಳಿಸಿದ್ದಾರೆ. ಅವು ತಮ್ಮ ಬಗ್ಗೆ ಅಲ್ಲ. ಜೊತೆಯಲ್ಲಿ ಕೆಲಸ ಮಾಡುವವರ ಬಗ್ಗೆ, ಪಕ್ಕದ ಮನೆಯವರ ಬಗ್ಗೆ. ದೋಣಿಯಲ್ಲಿ ಆಸ್ಟ್ರೇಲಿಯಾಕ್ಕೆ ಬಂದು, ಹತ್ತು ಹನ್ನೆರಡು ವರ್ಷ ತಾತ್ಕಾಲಿಕ ವೀಸಾದಲ್ಲೇ ಕಳೆದವರ ವಿಷಯ ಇದು. ಮೆಲ್ಬರ್ನ್‌ನಲ್ಲಿ ನಾನು ವಕೀಲಿಕೆ ಮಾಡುವುದೂ ಇವರ ಫೈಲುಗಳ ನಡುವೆಯೇ. ಈ ಸಲದ ಅಂಕಣ ಪೂರ್ತಿ ಅವರಿಗೇ ಇರಲಿ.

ಪ್ರಶ್ನೆ: ಮೇಡಂ, ನಾನು ಡ್ಯಾಂಡೆನಾಂಗ್‌ನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ನಮ್ಮ ಶಿಫ್ಟಿನಲ್ಲಿ ಶ್ರೀಲಂಕಾದ ತಮಿಳರೊಬ್ಬರಿದ್ದಾರೆ. 2012ರ ಕೊನೆಯಲ್ಲಿ ದೋಣಿಯಲ್ಲಿ ಬಂದವರು. 2021ರಲ್ಲಿ ಅವರಿಗೆ ಶೆವ್ ಎನ್ನುವ ಐದು ವರ್ಷದ ತಾತ್ಕಾಲಿಕ ವೀಸಾ ಸಿಕ್ಕಿತು, ಅದು ಇನ್ನೇನು ಮುಗಿಯುತ್ತದೆ. ಕಾಯಂ ವೀಸಾಕ್ಕೆ ಅರ್ಜಿ ಹಾಕು ಎಂದು ಎಲ್ಲರೂ ಹೇಳುತ್ತಿದ್ದಾರೆ, ಅವರು ಮಾತ್ರ ಹಾಕುತ್ತಿಲ್ಲ. "ಅರ್ಜಿ ಹಾಕಿದರೆ ಮತ್ತೆ ಇಂಟರ್‌ವ್ಯೂಗೆ ಕರೆಯುತ್ತಾರೆ. ಊರಲ್ಲಿ ಈಗ ಯುದ್ಧ ಇಲ್ಲವಲ್ಲ, ವಾಪಸ್ ಹೋಗು ಅಂತಾರೆ" ಎಂದು ಹೆದರಿದ್ದಾರೆ. ಪರಿಚಯದವನೊಬ್ಬ ಎರಡು ಸಾವಿರ ಡಾಲರ್ ಕೊಟ್ಟರೆ ಇಂಟರ್‌ವ್ಯೂ ಇಲ್ಲದೆ ಮಾಡಿಸಿಕೊಡುತ್ತೇನೆ ಎಂದಿದ್ದಾನಂತೆ. ಹೆಂಡತಿ ಮತ್ತು ಮಗ ಊರಲ್ಲೇ ಇದ್ದಾರೆ. ಮಗನಿಗೆ ಈಗ ಇಪ್ಪತ್ತೆರಡು. ಏನು ಮಾಡಬೇಕು ಹೇಳಿ.

ಉತ್ತರ: ಅರ್ಜಿ ಹಾಕಲಿ. ಆದಷ್ಟು ಬೇಗ ಹಾಕಲಿ. ಎರಡು ಸಾವಿರ ಡಾಲರ್ ಯಾರ ಕೈಗೂ ಕೊಡುವುದು ಬೇಡ.

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. 2014ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಅವರಂಥವರಿಗೆ ಎರಡೇ ದಾರಿ ಇಟ್ಟಿತ್ತು. ಒಂದು ಟಿಪಿವಿ, ಅಂದರೆ ಮೂರು ವರ್ಷದ ತಾತ್ಕಾಲಿಕ ರಕ್ಷಣೆಯ ವೀಸಾ. ಇನ್ನೊಂದು ಐದು ವರ್ಷದ ಶೆವ್. ಅವಧಿ ಮುಗಿದಾಗ ಮತ್ತೆ ಅರ್ಜಿ, ಮತ್ತೆ ಅದೇ ಪ್ರಶ್ನೆ: ನಿನಗೆ ಊರಲ್ಲಿ ಈಗಲೂ ಅಪಾಯ ಇದೆಯಾ, ತೋರಿಸು. ಹೊಡೆದದ್ದು, ಹಿಡಿದುಕೊಂಡು ಹೋದದ್ದು, ಸತ್ತವರ ಹೆಸರು, ಎಲ್ಲವನ್ನೂ ಮೊದಲಿನಿಂದ ಹೇಳಬೇಕಿತ್ತು. ಒಂದು ದಿನಾಂಕ ಹಿಂದೆಮುಂದೆ ಆದರೂ ಸಾಕು, ಇವನ ಮಾತು ನಂಬಬಹುದಾ ಎನ್ನುವ ಅನುಮಾನ ಬರುತ್ತಿತ್ತು. ಐದು ವರ್ಷ ಇಂಥ ಪರೀಕ್ಷೆಗೆ ಕಾಯುತ್ತಾ ಬದುಕಿದವರಿಗೆ ವೀಸಾ ಕೊಡುವ ಹೋಂ ಅಫೇರ್ಸ್ ಇಲಾಖೆಯ ಹೆಸರಿರುವ ಲಕೋಟೆ ಬಂದರೂ ಕೈ ನಡುಗುತ್ತದೆ. ಒಡೆಯದ ಲಕೋಟೆಗಳನ್ನೇ ಕಟ್ಟುಕಟ್ಟಿ ತಂದವರನ್ನು ನಾನು ನೋಡಿದ್ದೇನೆ.

ಶೆವ್‌ನಲ್ಲಿ ಒಂದು ಆಸೆಯನ್ನೂ ತೋರಿಸಿದ್ದರು. ಸರ್ಕಾರ ಗೊತ್ತುಮಾಡಿದ ಪ್ರಾದೇಶಿಕ ಭಾಗಗಳಲ್ಲಿ 42 ತಿಂಗಳು ಸರ್ಕಾರದ ಭತ್ಯೆ ಪಡೆಯದೆ ದುಡಿದರೆ, ಅಥವಾ ಪೂರ್ಣಾವಧಿ ಓದಿದರೆ, ಬೇರೆ ವೀಸಾಗಳಿಗೆ ಅರ್ಜಿ ಹಾಕಬಹುದು ಅಂತ. ಆದರೆ ಆ ಬೇರೆ ವೀಸಾಗಳಿಗೆ ಇಂಗ್ಲಿಷ್ ಪರೀಕ್ಷೆ ಬೇಕು, ಡಿಗ್ರಿ ಬೇಕು ಅಥವಾ ಕಂಪನಿಯೊಂದು ಮುಂದೆ ಬಂದು ಕರೆಸಿಕೊಳ್ಳಬೇಕು. ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವನಿಗೆ ಇದೆಲ್ಲ ಎಲ್ಲಿಂದ ಬರಬೇಕು? ಆ ದಾರಿಯಲ್ಲಿ ಗುರಿ ಮುಟ್ಟಿದವರು ತೀರಾ ಕಮ್ಮಿ.

ಆ ವ್ಯವಸ್ಥೆ ಈಗ ಇಲ್ಲ. 2023ರ ಫೆಬ್ರವರಿ 13ರಂದು ಸರ್ಕಾರ ಅದನ್ನು ಬದಲಿಸಿತು. ಟಿಪಿವಿ ಅಥವಾ ಶೆವ್ ಇದ್ದ ಸುಮಾರು 19,000 ಜನರಿಗೆ ಕಾಯಂ ವೀಸಾದ ದಾರಿ ತೆರೆಯಿತು. ಅದರ ಹೆಸರು ರೆಸಲ್ಯೂಷನ್ ಆಫ್ ಸ್ಟೇಟಸ್, ನಂಬರ್ 851. ಎಲ್ಲರೂ ಆರ್‌ಓಎಸ್ ಅನ್ನುತ್ತಾರೆ. 2023ರ ಫೆಬ್ರವರಿ 14ಕ್ಕಿಂತ ಮೊದಲೇ ಟಿಪಿವಿ ಅಥವಾ ಶೆವ್ ಸಿಕ್ಕಿದ್ದವರು ಇದಕ್ಕೆ ಅರ್ಜಿ ಹಾಕಬಹುದು. ನಿಮ್ಮ ಸಹೋದ್ಯೋಗಿಗೆ 2021ರಲ್ಲೇ ಸಿಕ್ಕಿದೆ. ಅಂದಮೇಲೆ ಅವರು ಇದರೊಳಗೆ ಬರುತ್ತಾರೆ.

ಅವರು ಕೇಳಲೇಬೇಕಾದ ಮಾತು ಇದು: ಈ ಅರ್ಜಿಯಲ್ಲಿ "ಊರು ಬಿಟ್ಟು ಯಾಕೆ ಬಂದೆ" ಎಂದು ಮತ್ತೆ ಕೇಳುವುದಿಲ್ಲ. ಅವರಿಗೆ ರಕ್ಷಣೆ ಬೇಕು ಎಂದು ಆಗಲೇ ತೀರ್ಮಾನ ಆಗಿದೆ. ಅದನ್ನು ತೂಗಿ ನೋಡುವ ಕೆಲಸ ಇಲ್ಲಿಲ್ಲ. ನೋಡುವುದು ಗುರುತು, ಆರೋಗ್ಯ ಪರೀಕ್ಷೆ, ನಡತೆ, ಭದ್ರತೆ, ಇಷ್ಟನ್ನೇ. ಶ್ರೀಲಂಕಾದ ಯುದ್ಧ 2009ರಲ್ಲೇ ಮುಗಿದಿತ್ತು. ಇವರು ಬಂದದ್ದು ಅದಾದ ಮೂರು ವರ್ಷಕ್ಕೆ. ಯುದ್ಧ ಮುಗಿದಿರುವುದು ಗೊತ್ತಿದ್ದೇ ಇವರಿಗೆ ರಕ್ಷಣೆ ಕೊಟ್ಟಿದ್ದಾರೆ ಎನ್ನುವುದನ್ನೂ ಅವರಿಗೆ ನೆನಪಿಸಿ.

ಅಂದಮೇಲೆ "ಇಂಟರ್‌ವ್ಯೂ ಇಲ್ಲದೆ ಮಾಡಿಸಿಕೊಡುತ್ತೇನೆ" ಎನ್ನುವವನು ಏನನ್ನು ಮಾರುತ್ತಿದ್ದಾನೆ ನೋಡಿ. ಇಲ್ಲದ ಅಪಾಯವನ್ನು ತಪ್ಪಿಸಲು ದುಡ್ಡು ಕೇಳುತ್ತಿದ್ದಾನೆ. ಆರ್‌ಓಎಸ್‌ಗೆ ವೀಸಾ ಶುಲ್ಕವೇ ಇಲ್ಲ. ಆಸ್ಟ್ರೇಲಿಯಾದಲ್ಲಿ ವಲಸೆ ವಿಷಯದಲ್ಲಿ ದುಡ್ಡು ತೆಗೆದುಕೊಂಡು ಸಲಹೆ ಕೊಡಬೇಕಾದರೆ ಒಂದೋ ವಕೀಲರಾಗಿರಬೇಕು, ಇಲ್ಲ ಓಮಾರಾದಲ್ಲಿ, ಅಂದರೆ ವಲಸೆ ಏಜೆಂಟರ ನೋಂದಣಿ ಮಾಡುವ ಸರ್ಕಾರಿ ಕಚೇರಿಯಲ್ಲಿ, ನೋಂದಾಯಿಸಿದ ಏಜೆಂಟ್ ಆಗಿರಬೇಕು. ನೋಂದಣಿ ಇದೆಯಾ ಅಂತ ಓಮಾರಾ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಮೆಲ್ಬರ್ನ್‌ನಲ್ಲಿ ರೆಫ್ಯೂಜಿ ಲೀಗಲ್ ಇದೆ, ಫುಟ್ಸ್‌ಕ್ರೇಯಲ್ಲಿ ಅಸೈಲಂ ಸೀಕರ್ ರಿಸೋರ್ಸ್ ಸೆಂಟರ್ ಇದೆ. ಎರಡೂ ಇಂಥವರಿಗಾಗಿಯೇ ಉಚಿತವಾಗಿ ಕೆಲಸ ಮಾಡುತ್ತವೆ. ತಮಿಳು ದುಭಾಷಿ ಬೇಕಾದರೆ 131 450ಕ್ಕೆ ಫೋನ್ ಮಾಡಬಹುದು.

ಶೆವ್ ಮುಗಿಯುವ ಮೊದಲೇ ಅರ್ಜಿ ಒಳಗೆ ಹೋದರೆ ಇನ್ನೊಂದು ಅನುಕೂಲ ಇದೆ. ತೀರ್ಮಾನ ಬರುವ ತನಕ ಈಗಿನ ಶೆವ್ ಜೀವಂತವಾಗಿರುತ್ತದೆ. ಕೆಲಸ, ಮೆಡಿಕೇರ್ ಎನ್ನುವ ಸರ್ಕಾರಿ ಆರೋಗ್ಯ ಸೌಲಭ್ಯ ಎಲ್ಲ ಹಾಗೇ ಮುಂದುವರಿಯುತ್ತವೆ. ಸೂಪರ್‌ವೈಸರ್ ಆಗಿ ನಿಮಗೂ ಇದು ಗೊತ್ತಿರಲಿ. ವೀಸಾ ಕಾರ್ಡಿನ ಮೇಲಿನ ದಿನಾಂಕ ದಾಟಿತು ಎಂದು ಕಂಪನಿಯ ಎಚ್‌ಆರ್ ಅವರನ್ನು ಮನೆಗೆ ಕಳಿಸದಂತೆ ನೋಡಿಕೊಳ್ಳಿ. ಇಲಾಖೆಯ ವೆವೋ ತಾಣದಲ್ಲಿ ಈಗಿನ ಸ್ಥಿತಿ ಏನು ಅಂತ ಕಾಣುತ್ತದೆ.

ಎರಡು ಸಂದರ್ಭದಲ್ಲಿ ಮಾತ್ರ ಅರ್ಜಿಗೆ ಮೊದಲು ವಕೀಲರನ್ನು ಕಾಣಲಿ. ಪೊಲೀಸ್ ಕೇಸು ಏನಾದರೂ ಇದ್ದರೆ ಒಂದು. ಶೆವ್ ಇರುವಾಗಲೇ ಊರಿಗೆ ಹೋಗಿ ಬಂದಿದ್ದರೆ ಇನ್ನೊಂದು. ಶೆವ್ ಇರುವವರು ತಾವು ಓಡಿಬಂದ ದೇಶಕ್ಕೆ ಹೋಗುವಂತಿಲ್ಲ ಎನ್ನುವುದು ಆ ವೀಸಾದ ಷರತ್ತು.

ಇನ್ನು ಮಗನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆತಂಕ ಆದದ್ದು ಆ ಇಪ್ಪತ್ತೆರಡು ಎನ್ನುವ ಅಂಕಿ ನೋಡಿ. ಟಿಪಿವಿ, ಶೆವ್ ಇದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಕಾಯಂ ವೀಸಾ ಬಂದ ಮೇಲೆ ಕರೆಸಿಕೊಳ್ಳಬಹುದು. ಆದರೆ ಹೆಂಡತಿಯ ಪಾರ್ಟ್‌ನರ್ ವೀಸಾದ ಅರ್ಜಿಯಲ್ಲಿ ಮಗನನ್ನೂ ಸೇರಿಸಬೇಕಾದರೆ ಅವನಿಗೆ 23 ತುಂಬಿರಬಾರದು, ಅಪ್ಪ ಅಮ್ಮನ ದುಡಿಮೆಯ ಮೇಲೇ ಅವನು ನಿಂತಿರಬೇಕು. 23 ದಾಟಿದರೆ ಉಳಿಯುವುದು ಬೇರೆ ಚೈಲ್ಡ್ ವೀಸಾ. ಅದಕ್ಕೂ 25 ತುಂಬಿರಬಾರದು, ಮದುವೆ ಆಗಿರಬಾರದು, ಶಾಲೆ ಮುಗಿದಾಗಿನಿಂದ ಪೂರ್ಣಾವಧಿ ಓದುತ್ತಿರಬೇಕು. ಹದಿಮೂರು ವರ್ಷ ಅಪ್ಪ ಇಲ್ಲದ ಮನೆಯಲ್ಲಿ ಬೆಳೆದ ಹುಡುಗ ಓದು ಬಿಟ್ಟು ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕೆಲಸಕ್ಕೆ ಸೇರಿದ್ದರೆ ಆ ಬಾಗಿಲೂ ಮುಚ್ಚುತ್ತದೆ.

ಲೆಕ್ಕ ಹಾಕಿ ನೋಡಿ. ಅಪ್ಪನಿಗೆ ಆರ್‌ಓಎಸ್ ಬರುವ ತನಕ ಹೆಂಡತಿಯ ಅರ್ಜಿ ಹಾಕುವಂತಿಲ್ಲ. ಈ ನಡುವೆ ಮಗನ ವಯಸ್ಸು ನಿಲ್ಲುವುದಿಲ್ಲ. ಅಪ್ಪ ಹೆದರಿ ಕೂತ ಒಂದೊಂದು ತಿಂಗಳೂ ಮಗನ ಲೆಕ್ಕಕ್ಕೇ ಬರುತ್ತದೆ. ಅವರು ಇದನ್ನು ಯೋಚಿಸಿರಲಿಕ್ಕಿಲ್ಲ, ಯಾರೂ ಹೇಳಿಯೂ ಇರಲಿಕ್ಕಿಲ್ಲ. ದಯವಿಟ್ಟು ನೀವು ಹೇಳಿ. ಕ್ಯಾಂಟೀನಿನಲ್ಲಿ ಎಲ್ಲರ ಎದುರಿಗೆ ಬೇಡ. ಒಬ್ಬರೇ ಸಿಕ್ಕಾಗ, ನಿಧಾನವಾಗಿ ಕೂರಿಸಿಕೊಂಡು ಹೇಳಿ.

ಅರ್ಜಿಗೆ ಮೊದಲು ಅವರು ತಮ್ಮ ಹಳೆಯ ಫೈಲ್ ತರಿಸಿಕೊಳ್ಳುವುದು ಒಳ್ಳೆಯದು. ಹೋಂ ಅಫೇರ್ಸ್ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟರೆ ತಮ್ಮದೇ ದಾಖಲೆ ಉಚಿತವಾಗಿ ಸಿಗುತ್ತದೆ. ಅದು ಯಾಕೆ ಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಬಂದ ಹೊಸದರಲ್ಲಿ ಕ್ರಿಸ್ಮಸ್ ದ್ವೀಪದಲ್ಲೋ ಡಾರ್ವಿನ್‌ನಲ್ಲೋ ಒಂದು ಇಂಟರ್‌ವ್ಯೂ ಮಾಡಿರುತ್ತಾರೆ. ಸಮುದ್ರದಲ್ಲಿ ದಿನಗಟ್ಟಲೆ ಕಳೆದು ಬಂದ ಮನುಷ್ಯ, ಎದುರಿಗೆ ಅಧಿಕಾರಿ, ಫೋನಿನಲ್ಲಿ ದುಭಾಷಿ. ಹೆಂಡತಿಯ ಹೆಸರು ಕೇಳುತ್ತಾರೆ. ತಮಿಳರಲ್ಲಿ ನಮ್ಮ ಹಾಗೇ ಅಪ್ಪನ ಹೆಸರು ಜೊತೆಗೆ ಬರುತ್ತದೆ, ಮದುವೆಯಾದ ಮೇಲೆ ಗಂಡನ ಹೆಸರು. ಅಧಿಕಾರಿ ಫ್ಯಾಮಿಲಿ ನೇಮ್ ಎನ್ನುವ ಜಾಗದಲ್ಲಿ ಯಾವುದೋ ಒಂದನ್ನು ಬರೆದುಕೊಂಡಿರುತ್ತಾರೆ. ಶೆವ್ ಅರ್ಜಿಯಲ್ಲಿ ಇನ್ನೊಬ್ಬರು ಬೇರೆ ಥರ ಬರೆದಿರುತ್ತಾರೆ. ಮಗ ಹುಟ್ಟಿದ ತಾರೀಖು ಒಂದು ಕಡೆ ಮಾರ್ಚ್, ಇನ್ನೊಂದು ಕಡೆ ಮೇ. ಈಗ ಹೆಂಡತಿ ಕೊಡುವ ಮದುವೆ ಪ್ರಮಾಣಪತ್ರದಲ್ಲಿ ಮೂರನೆಯ ಥರ ಇರುತ್ತದೆ. ಮೂರೂ ಒಬ್ಬಳೇ ಹೆಂಗಸು ಎಂದು ಇಲಾಖೆಗೆ ತಾನಾಗಿ ಗೊತ್ತಾಗುವುದಿಲ್ಲ.

ಹಿಂದಿನ ಉತ್ತರದಲ್ಲಿ ತಪ್ಪಿದ್ದರೆ ಅದನ್ನು ತಿಳಿಸಲೆಂದೇ 1023 ಎನ್ನುವ ಫಾರಂ ಇದೆ. ತಪ್ಪನ್ನು ನಾವೇ ಮೊದಲು ಹೇಳಿ, ಹೇಗಾಯಿತು ಅಂತ ಪ್ರಮಾಣ ಮಾಡಿ ಬರೆದುಕೊಟ್ಟರೆ ಬಹಳ ಸಲ ಅಲ್ಲಿಗೇ ಬಗೆಹರಿಯುತ್ತದೆ. ಮುಚ್ಚಿಟ್ಟು ಅವರೇ ಕಂಡುಹಿಡಿದರೆ ಕೆಲಸ ಕೆಡುತ್ತದೆ.

ಹೆಂಡತಿಯ ಅರ್ಜಿಗೆ ಈಗಿನಿಂದಲೇ ಎತ್ತಿಡಬೇಕಾದ್ದು: ತಿಂಗಳು ತಿಂಗಳು ಕಳಿಸಿದ ದುಡ್ಡಿನ ರಸೀದಿ, ವಾಟ್ಸಾಪ್ ಕರೆಗಳ ಸ್ಕ್ರೀನ್‌ಶಾಟ್, ಮದುವೆಯ ಫೋಟೋ, ಮಗನ ಕಾಲೇಜಿನ ಫೀ ಕಟ್ಟಿದ ಚೀಟಿ. ತಮಿಳಿನಲ್ಲಿ, ಸಿಂಹಳದಲ್ಲಿ ಇರುವ ಕಾಗದಗಳಿಗೆ ಅನುವಾದ ಬೇಕು, ಇಲ್ಲೇ ಮಾಡಿಸುವುದಾದರೆ ನಾಟಿ (NAATI) ಎನ್ನುವ ಸಂಸ್ಥೆಯ ಮನ್ನಣೆ ಇರುವ ಅನುವಾದಕರೇ ಆಗಬೇಕು. ಫೋನ್ ಬದಲಿಸುವ ಮೊದಲು ಹಳೆಯ ಚಾಟ್ ಉಳಿಸಿಕೊಳ್ಳಲಿ. ಪಾರ್ಟ್‌ನರ್ ವೀಸಾದ ಶುಲ್ಕ ಮಾತ್ರ ಹೊರೆಯೇ. 9,000 ಡಾಲರ್‌ಗಿಂತ ಜಾಸ್ತಿ, ಮಗನಿಗೆ ಬೇರೆ. ಆ ಎರಡು ಸಾವಿರವನ್ನು ಇದಕ್ಕೆ ಇಟ್ಟುಕೊಳ್ಳಲಿ.

ಒಂದು ಸಮಾಧಾನದ ಮಾತೂ ಇದೆ. ದೋಣಿಯಲ್ಲಿ ಬಂದವರು ಕುಟುಂಬಕ್ಕಾಗಿ ಹಾಕಿದ ಅರ್ಜಿಗಳನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು ಎಂದು ಮೊದಲು ಮಂತ್ರಿಗಳ ಆದೇಶವೇ ಇತ್ತು. 2023ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಇವರ ಅರ್ಜಿಯೂ ಉಳಿದವರ ಸಾಲಿನಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಸಿಡ್ನಿಯ ಆಬರ್ನ್‌ನಲ್ಲಿ ಚೈಲ್ಡ್‌ಕೇರ್ ನಡೆಸುತ್ತೇನೆ. ನಮ್ಮಲ್ಲಿಗೆ ಬರುವ ಅಫ್ಘಾನಿಸ್ತಾನದ ಹಜಾರಾ ಸಮುದಾಯದ ಕುಟುಂಬವೊಂದಕ್ಕೆ ಮೂವರು ಮಕ್ಕಳು, ಮೂವರೂ ಇಲ್ಲೇ ಹುಟ್ಟಿದವರು. ದೊಡ್ಡವಳಿಗೆ ಹೋದ ತಿಂಗಳು ಹತ್ತು ತುಂಬಿತು, ನಡುವಿನವನಿಗೆ ಏಳು. ಅಪ್ಪ ಅಮ್ಮನಿಗೆ 2024ರಲ್ಲಿ ಆರ್‌ಓಎಸ್ ಸಿಕ್ಕಿದೆ. ಮೂರನೆಯ ಮಗು ಅದಾದ ಮೇಲೆ ಹುಟ್ಟಿದ್ದು. ಮೂವರಿಗೂ ವೀಸಾ ಬೇಕಾ? ಇನ್ನೊಂದು ಸಂಗತಿ, ಅಪ್ಪ ಅಮ್ಮ ಇಬ್ಬರ ಹುಟ್ಟಿದ ದಿನವೂ ಜನವರಿ 1 ಅಂತಿದೆ. ಇದರಿಂದ ತೊಂದರೆ ಆಗುತ್ತಾ?

ಉತ್ತರ: ಒಂದೇ ಮನೆಯ ಮೂರು ಮಕ್ಕಳಿಗೆ ಮೂರು ಉತ್ತರ.

ಮೂರನೆಯ ಮಗು ಹುಟ್ಟುವಾಗ ಅಪ್ಪ ಅಮ್ಮ ಕಾಯಂ ನಿವಾಸಿಗಳಾಗಿದ್ದರು. ಹಾಗಾಗಿ ಅದು ಹುಟ್ಟಿದ ಕ್ಷಣದಿಂದಲೇ ಆಸ್ಟ್ರೇಲಿಯಾದ ಪ್ರಜೆ. ವೀಸಾದ ಮಾತೇ ಇಲ್ಲ. ದೊಡ್ಡವಳು ಇಲ್ಲೇ ಹುಟ್ಟಿ, ಹತ್ತು ವರ್ಷವೂ ಇಲ್ಲೇ ಬೆಳೆದಿದ್ದರೆ, ಹತ್ತನೆಯ ಹುಟ್ಟುಹಬ್ಬದ ದಿನ ಕಾನೂನಿನ ಪ್ರಕಾರ ತಾನಾಗಿಯೇ ಪ್ರಜೆ ಆಗಿದ್ದಾಳೆ. ಆದರೆ ಯಾರೂ ಬಂದು ಪತ್ರ ಕೊಡುವುದಿಲ್ಲ. ಪೌರತ್ವದ ಪುರಾವೆಗೆ ಅರ್ಜಿ ಹಾಕಬೇಕು. ಹತ್ತು ವರ್ಷವೂ ಇಲ್ಲೇ ಇದ್ದಳು ಎನ್ನುವುದಕ್ಕೆ ಲಸಿಕೆಯ ದಾಖಲೆ, ಶಾಲೆಯ ರಿಪೋರ್ಟು, ಚೈಲ್ಡ್‌ಕೇರ್ ಹಾಜರಿ ಬೇಕಾಗುತ್ತವೆ. ಇಲ್ಲಿ ನಿಮ್ಮ ಸಹಾಯ ದೊಡ್ಡದು. ಅವಳು ನಿಮ್ಮಲ್ಲಿಗೆ ಬರುತ್ತಿದ್ದ ವರ್ಷಗಳ ಹಾಜರಿ ಪಟ್ಟಿಯನ್ನು ಪತ್ರದ ಸಮೇತ ಕೊಡಿ. ನಾಲ್ಕೈದನೆಯ ವಯಸ್ಸಿನ ದಾಖಲೆ ಸಿಗದೆ ಒದ್ದಾಡುವ ಅಪ್ಪ ಅಮ್ಮಂದಿರೇ ಜಾಸ್ತಿ.

ನಡುವಿನವನು ಎರಡಕ್ಕೂ ಸಿಗದವನು. ಅವನು ಹುಟ್ಟುವಾಗ ಅಪ್ಪ ಅಮ್ಮ ಟಿಪಿವಿಯಲ್ಲಿದ್ದರು, ಹತ್ತೂ ತುಂಬಿಲ್ಲ. ಅಪ್ಪನ ಅರ್ಜಿಯಲ್ಲಿ ಅವನ ಹೆಸರು ಸೇರಿತ್ತಾ, ಅವನ ಹೆಸರಿಗೆ ಆರ್‌ಓಎಸ್ ಬಂದಿದೆಯಾ ಅಂತ ಗ್ರಾಂಟ್ ಪತ್ರ ತೆಗೆದು ನೋಡಲು ಹೇಳಿ. ಬಿಟ್ಟುಹೋಗಿದ್ದರೆ ಕೂಡಲೇ ವಕೀಲರನ್ನು ಕಾಣಲಿ. ಸಿಡ್ನಿಯಲ್ಲಿ ರಾಕ್ಸ್ ಎನ್ನುವ ಸಂಸ್ಥೆ, ಪೂರ್ತಿ ಹೆಸರು ರೆಫ್ಯೂಜಿ ಅಡ್ವೈಸ್ ಅಂಡ್ ಕೇಸ್‌ವರ್ಕ್ ಸರ್ವಿಸ್, ಉಚಿತವಾಗಿ ನೋಡಿಕೊಡುತ್ತದೆ.

ಜನವರಿ 1ರ ಬಗ್ಗೆ ಹೆದರಬೇಡಿ. ಹಜಾರಾ ಹಳ್ಳಿಗಳಲ್ಲಿ ಹುಟ್ಟಿದ ಎಷ್ಟೋ ಜನರಿಗೆ ತಾರೀಖು ಗೊತ್ತಿಲ್ಲ, ವರ್ಷ ಮಾತ್ರ ಗೊತ್ತು. ಬರೆದುಕೊಳ್ಳುವವರು ಜನವರಿ 1 ಹಾಕಿಬಿಡುತ್ತಾರೆ. ಇಲಾಖೆಗೆ ಇದು ಹೊಸದಲ್ಲ. ಎಲ್ಲ ಕಾಗದದಲ್ಲೂ ಅದೇ ವರ್ಷ ಇದ್ದರೆ ಸಾಕು. ಆಮೇಲೆ ತಜ್ಕಿರಾ ಎನ್ನುವ ಅಫ್ಘಾನ್ ಗುರುತಿನ ಚೀಟಿ ಸಿಕ್ಕಿ, ಅದರಲ್ಲಿ ಬೇರೆ ವರ್ಷ ಇದ್ದರೆ ಮಾತ್ರ ಪೌರತ್ವದ ಅರ್ಜಿಗೆ ಮೊದಲೇ ವಿವರಣೆ ಬರೆದಿಡಬೇಕು.

ಪ್ರಶ್ನೆ: ಪರ್ತ್‌ನಲ್ಲಿ ನನ್ನ ರೂಮ್‌ಮೇಟ್ ಇರಾನಿನವನು. ಆರ್‌ಓಎಸ್ ಬಂದು ಒಂದು ವರ್ಷ ಆಗುತ್ತಾ ಬಂತು. ತಾಯಿಗೆ ಹುಷಾರಿಲ್ಲ. "ಈಗ ಪಿಆರ್ ಅಲ್ವಾ, ಹೋಗಿ ಬರಬಹುದು" ಎನ್ನುತ್ತಿದ್ದಾನೆ. ಹೋಗಬಹುದಾ?

ಉತ್ತರ: ವೀಸಾದ ಮಾತು ಮಾತ್ರ ಹೇಳುವುದಾದರೆ, ಆರ್‌ಓಎಸ್‌ನಲ್ಲಿ ಐದು ವರ್ಷ ಹೊರಗೆ ಹೋಗಿ ಬರುವ ಅವಕಾಶ ಇದೆ. ಟಿಪಿವಿಯಲ್ಲಿದ್ದ ಹಳೆಯ ನಿಷೇಧ ಇದರ ಮೇಲಿಲ್ಲ. ಆದರೂ ಇರಾನಿಗೇ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅವನು ಯಾವ ಕಾರಣಕ್ಕೆ ಓಡಿಬಂದನೋ ಆ ಕಾರಣ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇನ್ನೂ ಕಾದಿರಬಹುದು. ಅದು ಮೊದಲ ಮಾತು. ಎರಡನೆಯದು, ಜೀವಭಯ ಇದೆ ಎಂದು ಹೇಳಿದವನು ಇರಾನಿ ಪಾಸ್‌ಪೋರ್ಟ್ ನವೀಕರಿಸಿಕೊಂಡು ಹೋಗಿ ಬಂದರೆ, ಮೊದಲು ಹೇಳಿದ್ದು ನಿಜವಾ ಎನ್ನುವ ಪ್ರಶ್ನೆ ಏಳಬಹುದು. ತಪ್ಪು ಮಾಹಿತಿ ಕೊಟ್ಟು ವೀಸಾ ಪಡೆದದ್ದು ಎಂದು ತೋರಿದರೆ ಕಾಯಂ ವೀಸಾವನ್ನೂ ರದ್ದು ಮಾಡುವ ಅಧಿಕಾರ ಇಲಾಖೆಗಿದೆ.

ತಾಯಿ ಪ್ರಯಾಣ ಮಾಡುವ ಸ್ಥಿತಿಯಲ್ಲಿದ್ದರೆ ಮೂರನೆಯ ದೇಶದಲ್ಲಿ ಭೇಟಿ ಆಗಲಿ. ನಿರಾಶ್ರಿತ ಎಂದು ಒಪ್ಪಿಕೊಂಡವರಿಗೆ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಕಚೇರಿ ಕನ್ವೆನ್ಷನ್ ಟ್ರಾವೆಲ್ ಡಾಕ್ಯುಮೆಂಟ್ ಕೊಡುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸುಲಭವಾಗಿ ವೀಸಾ ಕೊಡುವುದಿಲ್ಲ, ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಲಿ.

ಜೊತೆಗೆ ಪೌರತ್ವದ ಲೆಕ್ಕವೂ ಅವನಿಗೆ ತಿಳಿದಿರಲಿ. ಅರ್ಜಿಯ ಹಿಂದಿನ ನಾಲ್ಕು ವರ್ಷ ಇಲ್ಲಿ ಕಾನೂನುಬದ್ಧವಾಗಿ ಇದ್ದಿರಬೇಕು, ಅದರಲ್ಲಿ ಕೊನೆಯ ಹನ್ನೆರಡು ತಿಂಗಳು ಕಾಯಂ ವೀಸಾದಲ್ಲಿ. ಟಿಪಿವಿ, ಶೆವ್, ಬ್ರಿಜಿಂಗ್ ವೀಸಾದ (ತೀರ್ಮಾನಕ್ಕೆ ಕಾಯುವಾಗ ಕೊಡುವ ವೀಸಾ) ವರ್ಷಗಳೂ ಆ ನಾಲ್ಕರಲ್ಲಿ ಸೇರುತ್ತವೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಇನ್ನೂ ನಾಲ್ಕು ವರ್ಷ ಕಾಯಬೇಕು ಅಂದುಕೊಂಡಿರುತ್ತಾರೆ. ಆ ಕೊನೆಯ ಹನ್ನೆರಡು ತಿಂಗಳಲ್ಲಿ 90 ದಿನಕ್ಕಿಂತ ಜಾಸ್ತಿ ಹೊರಗೆ ಇರಬಾರದು. ಹಾಗಾದರೆ ನಿಮ್ಮ ರೂಮ್‌ಮೇಟ್ ಇನ್ನೇನು ಅರ್ಜಿ ಹಾಕುವ ಹಂತಕ್ಕೆ ಬಂದಿದ್ದಾನೆ. ಪರೀಕ್ಷೆಯಲ್ಲಿ 20 ಪ್ರಶ್ನೆ, 75 ಶೇಕಡಾ ಸರಿ ಬರಬೇಕು, ದೇಶದ ಮೌಲ್ಯಗಳ ಬಗ್ಗೆ ಇರುವ ಐದಂತೂ ಪೂರ್ತಿ ಸರಿ ಇರಬೇಕು.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ನಿರಾಶ್ರಿತ ಎಂದು ಒಪ್ಪಿಕೊಂಡ ಮೇಲೆ ತಾತ್ಕಾಲಿಕ ವೀಸಾ ಕೊಡುವ ಯೋಚನೆ ಆಸ್ಟ್ರೇಲಿಯಾಕ್ಕೆ ಬಂದದ್ದಾದರೂ ಯಾಕೆ? ವಿಶ್ವಸಂಸ್ಥೆಯ ಒಪ್ಪಂದ ಇದನ್ನು ಒಪ್ಪುತ್ತದೆಯೇ?

ಉತ್ತರ: ಸರ್, ದೋಣಿಯಲ್ಲಿ ಬಂದವರಿಗೆ ಕಾಯಂ ನೆಲೆ ಸಿಗುವುದಿಲ್ಲ ಎಂದು ತೋರಿಸಿದರೆ ದೋಣಿ ಬರುವುದು ನಿಲ್ಲುತ್ತದೆ ಎನ್ನುವ ವಾದ ಅದು. 1999ರ ಅಕ್ಟೋಬರ್‌ನಲ್ಲಿ ಹೋವರ್ಡ್ ಸರ್ಕಾರ ಟಿಪಿವಿ ತಂದಿತು. ಗಂಡಸರು ಮುಂದೆ ಬಂದು, ನೆಲೆ ಕಂಡು, ಆಮೇಲೆ ಹೆಂಡತಿ ಮಕ್ಕಳನ್ನು ವಿಮಾನದಲ್ಲಿ ಕರೆಸಿಕೊಳ್ಳುವುದು ಅಲ್ಲಿಗೆ ನಿಂತಿತು. ಹೆಂಡತಿ ಮಕ್ಕಳೂ ದೋಣಿ ಹತ್ತಿದರು. ಇಂಡೋನೇಷ್ಯಾದಿಂದ ಹೊರಟು 2001ರ ಅಕ್ಟೋಬರ್ 19ರಂದು ಮುಳುಗಿದ ಸೀವ್ ಎಕ್ಸ್ ದೋಣಿಯಲ್ಲಿ 353 ಜನ ಸತ್ತರು. ಅವರಲ್ಲಿ 146 ಮಕ್ಕಳು, 142 ಹೆಂಗಸರು. ಟಿಪಿವಿಯಲ್ಲಿ ಇಲ್ಲಿದ್ದ ಗಂಡಂದಿರನ್ನು ಸೇರಲು ಹೊರಟವರೂ ಆ ದೋಣಿಯಲ್ಲಿದ್ದರು. ಆ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

2008ರಲ್ಲಿ ರಡ್ ಸರ್ಕಾರ ಟಿಪಿವಿ ತೆಗೆದು, ಇದ್ದವರಿಗೆ ಕಾಯಂ ವೀಸಾ ಕೊಟ್ಟಿತು. ಅದರ ನಂಬರ್ ಕೂಡ ಇದೇ 851. 2014ರಲ್ಲಿ ಅಬಾಟ್ ಸರ್ಕಾರ ಟಿಪಿವಿಯನ್ನು ಮತ್ತೆ ತಂದಿತು. 2023ರಲ್ಲಿ ಅದೇ 851ನ್ನು ಮತ್ತೆ ಕೊಡಬೇಕಾಯಿತು. ನಡುವಿನ ವರ್ಷಗಳಲ್ಲಿ ಬದಲಾದದ್ದು ನಿರಾಶ್ರಿತರ ಕಷ್ಟ ಅಲ್ಲ, ಸರ್ಕಾರ ಮಾತ್ರ.

1951ರ ಒಪ್ಪಂದ ಇಂಥದ್ದೇ ವೀಸಾ ಕೊಡಿ ಎಂದು ಹೇಳುವುದಿಲ್ಲ. ಆದರೆ ಜೀವ ಉಳಿಸಿಕೊಳ್ಳಲು ಅನುಮತಿ ಇಲ್ಲದೆ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಬಂದು ನಿಂತವರನ್ನು ಅದಕ್ಕಾಗಿ ಶಿಕ್ಷಿಸಬಾರದು ಎಂದು 31ನೇ ವಿಧಿ ಹೇಳುತ್ತದೆ. ಅವರು ನೆಲೆ ನಿಂತು ಪ್ರಜೆಗಳಾಗಲು ಆದಷ್ಟು ಅನುಕೂಲ ಮಾಡಬೇಕು ಎಂದು 34ನೇ ವಿಧಿ ಹೇಳುತ್ತದೆ. ವಿಮಾನದಲ್ಲಿ ವೀಸಾ ಹಿಡಿದು ಬಂದವನಿಗೆ ಕಾಯಂ ರಕ್ಷಣೆ, ಅದೇ ಕಷ್ಟದಿಂದ ದೋಣಿಯಲ್ಲಿ ಬಂದವನಿಗೆ ಮೂರು ವರ್ಷ. ಇದನ್ನು ಶಿಕ್ಷೆ ಎನ್ನದೆ ಬೇರೇನು ಅನ್ನಬೇಕೋ ನನಗಂತೂ ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಗೆಳೆಯನೂ 2013ರಲ್ಲಿ ದೋಣಿಯಲ್ಲೇ ಬಂದವನು. ಅವನಿಗೆ ಟಿಪಿವಿ, ಶೆವ್ ಯಾವುದೂ ಸಿಕ್ಕಿಲ್ಲ, ಅರ್ಜಿ ತಿರಸ್ಕಾರ ಆಗಿದೆ. ಬ್ರಿಜಿಂಗ್ ವೀಸಾದಲ್ಲಿದ್ದಾನೆ. ಅವನಿಗೂ ಆರ್‌ಓಎಸ್ ಸಿಗುತ್ತದಾ?

ಉತ್ತರ: ಈಗಿನ ನಿಯಮದಲ್ಲಿ ಸಿಗುವುದಿಲ್ಲ. ಈ ಉತ್ತರ ಬರೆಯುವಾಗ ನನಗೆ ಸಂಕಟ ಆಗುತ್ತದೆ. 2023ರ ಬಾಗಿಲು ತೆರೆದದ್ದು ಆಗಲೇ ಒಪ್ಪಿಗೆ ಪಡೆದವರಿಗೆ, ಮತ್ತು ಆಗ ಬಾಕಿ ಇದ್ದ ಅರ್ಜಿ ಆಮೇಲೆ ಒಪ್ಪಿಗೆ ಆದವರಿಗೆ ಮಾತ್ರ. ತಿರಸ್ಕಾರ ಆದ ಸಾವಿರಾರು ಜನ, ನೌರು ಮತ್ತು ಮಾನಸ್ ದ್ವೀಪಗಳ ಶಿಬಿರಗಳಿಗೆ ಕಳಿಸಿದ್ದವರು, ಎಲ್ಲ ಹೊರಗೇ ಉಳಿದರು.

ಇವರಲ್ಲಿ ಬಹಳ ಜನರ ಅರ್ಜಿ ತೀರ್ಮಾನ ಆದದ್ದು ಫಾಸ್ಟ್ ಟ್ರ್ಯಾಕ್ ಎನ್ನುವ ಕ್ರಮದಲ್ಲಿ. ಇಲಾಖೆ ಬೇಡ ಎಂದರೆ ಮೇಲ್ಮನವಿ ನೋಡುತ್ತಿದ್ದ ಪ್ರಾಧಿಕಾರ ಹೆಚ್ಚಾಗಿ ಕಾಗದ ನೋಡಿಯೇ ಮುಗಿಸುತ್ತಿತ್ತು. ಮನುಷ್ಯನನ್ನು ಎದುರು ಕೂರಿಸಿ ಕೇಳುವುದು ಅಪರೂಪ. ಮೊದಲು ಹೇಳದ ಸಂಗತಿಯನ್ನು ಆಮೇಲೆ ಹೇಳಿದರೆ, ವಿಶೇಷ ಕಾರಣ ಇದ್ದರೆ ಮಾತ್ರ ಪರಿಗಣಿಸುತ್ತಿತ್ತು. ಹಿಂಸೆ ಅನುಭವಿಸಿದವರು ಎಲ್ಲವನ್ನೂ ಮೊದಲ ದಿನವೇ ಹೇಳುತ್ತಾರಾ? 2024ರ ಅಕ್ಟೋಬರ್‌ನಲ್ಲಿ ಆ ಪ್ರಾಧಿಕಾರವನ್ನು ಮುಚ್ಚಿದರು. ಅದು ಕೊಟ್ಟ ತೀರ್ಮಾನಗಳು ಮಾತ್ರ ಹಾಗೇ ನಿಂತಿವೆ. 2023ರಲ್ಲಿ 22 ಮಹಿಳೆಯರು ಮೆಲ್ಬರ್ನ್‌ನಿಂದ ಕ್ಯಾನ್‌ಬೆರಾಕ್ಕೆ 640 ಕಿಲೋಮೀಟರ್ ನಡೆದು ಹೋಗಿ ಕೇಳಿದ್ದು ಇಂಥವರಿಗೂ ಕಾಯಂ ವೀಸಾ ಕೊಡಿ ಎಂದೇ.

ನಿಮ್ಮ ಗೆಳೆಯನಿಗೆ ಇರುವ ದಾರಿ ಕಮ್ಮಿ, ಆದರೆ ಇಲ್ಲವೇ ಇಲ್ಲ ಅಂತಲ್ಲ. ದೋಣಿಯಲ್ಲಿ ಬಂದು ಹೀಗೆ ತಿರಸ್ಕಾರ ಆದವರು ಮಂತ್ರಿ ಅನುಮತಿ ಕೊಡದೆ ಹೊಸ ವೀಸಾ ಅರ್ಜಿ ಹಾಕುವಂತಿಲ್ಲ. ಅಪಾಯದ ಹೊಸ ಕಾರಣ ಹುಟ್ಟಿದ್ದರೆ, ಊರಿನ ಪರಿಸ್ಥಿತಿ ಬದಲಾಗಿದ್ದರೆ, ಮಂತ್ರಿಯನ್ನು ಕೇಳಿಕೊಳ್ಳಬಹುದು. ಕೊಡಲೇಬೇಕು ಎನ್ನುವ ಕಟ್ಟುಪಾಡು ಮಂತ್ರಿಗಿಲ್ಲ. ಕೋರ್ಟಿನಲ್ಲಿ ಕೇಸ್ ಇನ್ನೂ ನಡೆಯುತ್ತಿದ್ದರೆ ಅದನ್ನು ಯಾವ ಕಾರಣಕ್ಕೂ ಕೈಬಿಡಬಾರದು. ಕೋರ್ಟು ತೀರ್ಮಾನ ರದ್ದು ಮಾಡಿ ಮತ್ತೆ ವಿಚಾರಣೆಗೆ ಕಳಿಸಿ, ಆಮೇಲೆ ರಕ್ಷಣೆ ಬೇಕು ಎಂದು ಒಪ್ಪಿದರೆ, ಮೊದಲ ಅರ್ಜಿ 2023ರ ಫೆಬ್ರವರಿ 14ಕ್ಕೂ ಮೊದಲಿನದಾಗಿದ್ದವರಿಗೆ ಆರ್‌ಓಎಸ್ ದಾರಿಯೇ ಸಿಗುತ್ತದೆ. ತೀರ್ಮಾನ ಬಂದ 35 ದಿನದ ಒಳಗೆ ಕೋರ್ಟಿಗೆ ಹೋಗಬೇಕು. ತಡವಾಗಿದ್ದರೆ ಕಾರಣ ತೋರಿಸಿ ಅವಧಿ ಕೇಳಬಹುದು.

ಈ ವಾರ ಅವನು ಮಾಡಬೇಕಾದ್ದು ಎರಡು. ಬ್ರಿಜಿಂಗ್ ವೀಸಾದ ಕೊನೆಯ ದಿನ ಯಾವುದು ಅಂತ ನೋಡಿ, ಮುಗಿಯುವ ಮೊದಲೇ ಮುಂದುವರಿಸಿಕೊಳ್ಳುವುದು ಒಂದು. ತಿರಸ್ಕಾರದ ಆದೇಶ, ಕೋರ್ಟಿನ ಕಾಗದ, ಮೊದಲ ಇಂಟರ್‌ವ್ಯೂನ ದಾಖಲೆ ಎಲ್ಲ ಹಿಡಿದುಕೊಂಡು ಮೇಲೆ ಹೇಳಿದ ಯಾವುದಾದರೂ ಉಚಿತ ಕಾನೂನು ಕೇಂದ್ರಕ್ಕೆ ಹೋಗುವುದು ಇನ್ನೊಂದು. ಸ್ವಂತ ಇಚ್ಛೆಯಿಂದ ವಾಪಸ್ ಹೋಗುತ್ತೇನೆ ಎನ್ನುವ ಕಾಗದ ಯಾರಾದರೂ ಮುಂದಿಟ್ಟರೆ, ವಕೀಲರು ಓದಿ ಹೇಳುವ ತನಕ ಸಹಿ ಹಾಕಬಾರದು. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ.